ಎರಡನೇ ಕ್ಯಾಮೆರಾ

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ರಾತ್ರಿ ಪಾಳಿಯ ವಾಚ್‌ಮನ್‌ಗಳು ಗೇಟಿನ ಬದಿಗೆ ತರಗೆಲೆ, ಮುರಿದ ಪೆಟ್ಟಿಗೆಯ ಹಲಗೆ, ರದ್ದಿ ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಅಲ್ಲಿಯವರು ಅದಕ್ಕೆ ಶೇಕೋಟಿ ಅನ್ನುತ್ತಾರೆ. 2003ರ ಡಿಸೆಂಬರಿನ ಒಂದು ನಸುಕಿನಲ್ಲಿ, ಲಾ ಕಾಲೇಜ್ ರಸ್ತೆಯ ಅಂಥದೊಂದು ಬೆಂಕಿಗೆ ಅಂಗೈ ಚಾಚಿ ನಾನೂ ನನ್ನ ಸಹಪಾಠಿಯೂ ಕೂತಿದ್ದೆವು. ಐದು ವಾರದಿಂದ ಮಾತು ಬಿಟ್ಟಿದ್ದವರು ನಾವು. ಆ ಬೆಂಕಿಯ ತನಕ ಹೇಗೆ ಬಂದೆವೆಂಬುದೇ ಈ ಕಥೆ.

ನಾನಾಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಟಿವಿ ವಿಭಾಗದಲ್ಲಿ ಓದುತ್ತಿದ್ದೆ. ಊರು ಹುಬ್ಬಳ್ಳಿ. ನಮ್ಮ ತಂಡದಲ್ಲಿ ಕನ್ನಡದವರು ಇಬ್ಬರೇ: ನಿರ್ದೇಶನಕ್ಕೆ ನಾನು, ಕ್ಯಾಮೆರಾಕ್ಕೆ ಬಿಜಾಪುರದ ಕಡೆಯ ಒಬ್ಬ ಹುಡುಗ. ಮೊದಲ ದಿನದಿಂದಲೇ ಅಣ್ಣತಂಗಿಯರ ಹಾಗಿದ್ದೆವು. ಭಾನುವಾರ ಫರ್ಗ್ಯೂಸನ್ ಕಾಲೇಜ್ ರಸ್ತೆಯ ವೈಶಾಲಿಗೆ ಹೋಗಿ ದೋಸೆ ತಿಂದು, ಗಟ್ಟಿ ದನಿಯಲ್ಲಿ ಕನ್ನಡ ಮಾತಾಡಿ ಬರುವುದು ನಮಗೆ ಹಬ್ಬ.

ಆ ಆವರಣಕ್ಕೆ ಕಾಲಿಟ್ಟವರಿಗೆ ಹಳೆಯ ಕಾಲ ತಾನಾಗಿ ತಾಗುತ್ತದೆ. ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಬಂದು ಕಟ್ಟಿದ ಸ್ಟುಡಿಯೋ ಅದು. 1936ರ ‘ಸಂತ ತುಕಾರಾಮ್’ ಚಿತ್ರ ತಯಾರಾದದ್ದು ಅಲ್ಲೇ. 1960ರಲ್ಲಿ ಸರ್ಕಾರ ಅದೇ ಜಾಗದಲ್ಲಿ ಇನ್‌ಸ್ಟಿಟ್ಯೂಟ್ ತೆರೆಯಿತು. ಒಳಗೊಂದು ಮಾವಿನ ಮರ. ಋತ್ವಿಕ್ ಘಟಕ್ ಅದರ ನೆರಳಲ್ಲಿ ಪಾಠ ಹೇಳಿದ್ದರಿಂದ ಎಲ್ಲರೂ ಅದನ್ನು ವಿಸ್ಡಮ್ ಟ್ರೀ ಎಂದೇ ಕರೆಯುವುದು. ನಮ್ಮ ಟಿವಿ ವಿಭಾಗ ಮೊದಲು ದೆಹಲಿಯಲ್ಲಿತ್ತು, ಪುಣೆಗೆ ಬಂದದ್ದು 1974ರಲ್ಲಿ. ಈ 1974 ಅನ್ನುವುದನ್ನು ನೆನಪಿಡಿ, ಮತ್ತೆ ಬರುತ್ತದೆ.

ನವೆಂಬರಿನಲ್ಲಿ ಮೇಷ್ಟ್ರು ಸ್ಟುಡಿಯೋ ಅಭ್ಯಾಸಕ್ಕೆ ವಿಷಯ ಕೊಟ್ಟರು. ಇಪ್ಪತ್ತು ನಿಮಿಷದ ಒಂದು ಕಂತು, ಮೂರು ಕ್ಯಾಮೆರಾ, ಒಂದೇ ರಾತ್ರಿ. ಅಮೆರಿಕದಲ್ಲಿ 1982ರಿಂದ 1987ರ ತನಕ ‘ಫೇಮ್’ ಎಂಬ ಧಾರಾವಾಹಿ ಬಂದಿತ್ತು. ನ್ಯೂಯಾರ್ಕಿನಲ್ಲಿ ನಟನೆ, ನೃತ್ಯ, ಸಂಗೀತ ಕಲಿಯುವ ಶಾಲೆಯೊಂದರ ಮಕ್ಕಳ, ಮೇಷ್ಟ್ರುಗಳ ಕಥೆ. ಅದರ ಮಾತೆತ್ತಿ, “ನೀವು ಕೂತಿರೋದೂ ಅಂಥದೇ ಶಾಲೆ. ಅಷ್ಟು ದೂರ ಯಾಕೆ ಹೋಗ್ತೀರಿ? ಇಲ್ಲೇ ಹುಡುಕಿ” ಅಂದರು.

ನನಗೆ ಹುಡುಕುವ ಕೆಲಸವೇ ಇರಲಿಲ್ಲ. ಧಾರವಾಡದ ಸೀಮೆಯಲ್ಲಿ ಬೆಳೆದವಳಿಗೆ ಕಾರ್ನಾಡರ ಹೆಸರು ಮನೆಯ ಹೆಸರಿದ್ದಂತೆ. ‘ತುಘಲಕ್’, ‘ಹಯವದನ’ ಬರೆದು, ‘ಸಂಸ್ಕಾರ’ದಲ್ಲಿ ನಟಿಸಿ, ‘ಕಾಡು’ ನಿರ್ದೇಶಿಸಿದ್ದ ಗಿರೀಶ ಕಾರ್ನಾಡರು 1974ರಲ್ಲಿ ಇದೇ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದರು. ಇನ್ನೂ ಮೂವತ್ತಾರರ ಆಸುಪಾಸು. ಅವರ ಕಾಲದಲ್ಲೇ ನಟನಾ ವಿಭಾಗದವರು ಮುಷ್ಕರ ಹೂಡಿದರು. ನಿರ್ದೇಶನದ ವಿದ್ಯಾರ್ಥಿಗಳು ಡಿಪ್ಲೊಮಾ ಚಿತ್ರಕ್ಕೆ ಹೊರಗಿನವರನ್ನು ಕರೆತರಬಾರದು, ಇಲ್ಲಿ ನಟನೆ ಕಲಿಯುತ್ತಿರುವ ನಮ್ಮನ್ನೇ ಹಾಕಿಕೊಳ್ಳಬೇಕು ಎಂಬುದು ಅವರ ಬೇಡಿಕೆ. ನಮ್ಮ ಚಿತ್ರಕ್ಕೆ ಯಾರು ಬೇಕೆಂದು ಆರಿಸುವ ಹಕ್ಕು ನಮ್ಮದು ಎಂದು ನಿರ್ದೇಶನದವರು. ನನಗೆ ಇಬ್ಬರ ಮಾತಿನಲ್ಲೂ ನ್ಯಾಯ ಕಾಣುತ್ತದೆ. ಕಲಿಯಲು ಬಂದವನಿಗೆ ಮುಖ ತೋರಿಸಲು ತೆರೆಯೇ ಸಿಗದಿದ್ದರೆ ಆ ಕಲಿಕೆ ಯಾಕೆ? ಹಾಗೆಂದು ಪಾತ್ರಕ್ಕೆ ಒಪ್ಪದವನನ್ನು ಹಾಕಿಕೊಂಡರೆ ಚಿತ್ರದ ಗತಿಯೇನು?  

ಮುಷ್ಕರದ ಮುಂದಾಳುಗಳಲ್ಲಿ ನಸೀರುದ್ದೀನ್ ಶಾ ಒಬ್ಬರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಮುಗಿಸಿ ಪುಣೆಗೆ ಬಂದಿದ್ದ ಹುಡುಗ. ಕಾರ್ನಾಡರಿಗೂ ಅವರಿಗೂ ಎದುರುಬದುರು ನಿಲ್ಲುವ ಪ್ರಸಂಗವೇ ಬಂತು. ಆದರೆ ಶ್ಯಾಮ್ ಬೆನಗಲ್ ‘ನಿಶಾಂತ್’ ಚಿತ್ರಕ್ಕೆ ನಟರನ್ನು ಹುಡುಕುತ್ತಿದ್ದಾಗ ನಸೀರುದ್ದೀನ್ ಹೆಸರನ್ನು ಸೂಚಿಸಿದವರು ಇದೇ ಕಾರ್ನಾಡರು. ತನ್ನ ಕುರ್ಚಿಗೆ ತಲೆನೋವಾದವನನ್ನೇ, ಒಳ್ಳೆಯ ನಟ ಎಂಬ ಒಂದೇ ಕಾರಣಕ್ಕೆ.

ನನ್ನ ಕಂತಿಗೆ ಇಷ್ಟು ಸಾಕಾಯಿತು. ಹೆಸರುಗಳನ್ನು ತೆಗೆದೆ. ಮುಖ್ಯಸ್ಥನ ಕೋಣೆ ಒಂದು, ಅದರ ಹೊರಗಿನ ಪಡಸಾಲೆ ಒಂದು, ಎರಡೇ ಸೆಟ್. ಕೊನೆಯ ದೃಶ್ಯದಲ್ಲಿ ಮುಖ್ಯಸ್ಥ ಒಬ್ಬನೇ ನಿಂತು ಫೋನ್ ಎತ್ತಿ ಆ ಹುಡುಗನ ಹೆಸರು ಹೇಳಬೇಕು.

ಸ್ಕ್ರಿಪ್ಟನ್ನು ತರಗತಿಯಲ್ಲಿ ಓದಿದೆ. ಮುಗಿಯುತ್ತಿದ್ದಂತೆ ಬಿಜಾಪುರದ ಹುಡುಗ ಎದ್ದು, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಒಂದು ಸಲ, ನನಗೆ ನಾಟಲೆಂದು ಕನ್ನಡದಲ್ಲಿ ಇನ್ನೊಂದು ಸಲ ಹೇಳಿದ: “ಬರೇ ಮಾತs ಐತಿ. ಇದ್ರಾಗ ನೋಡೂದು ಏನೈತಿ? ರೇಡಿಯೋಕ್ಕ ಕೊಡು, ಚೊಲೊ ಆಗತೈತಿ.” ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಆ ಭಾನುವಾರ ವೈಶಾಲಿಗೆ ಹೋಗಲಿಲ್ಲ, ಮುಂದಿನ ಭಾನುವಾರವೂ ಇಲ್ಲ.

ಮೂರು ಕ್ಯಾಮೆರಾದ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಸಿನಿಮಾದ ಹಾಗೆ ಒಂದೊಂದೇ ಶಾಟ್ ತೆಗೆದು ಆಮೇಲೆ ಜೋಡಿಸುವುದಲ್ಲ ಇದು. ನಟರು ನಾಟಕದಂತೆ ಒಂದೇ ಉಸಿರಿಗೆ ಆಡುತ್ತ ಹೋಗುತ್ತಾರೆ. ನಿರ್ದೇಶಕ ಪಕ್ಕದ ಪ್ಯಾನೆಲ್ ಕೋಣೆಯಲ್ಲಿ ಕೂತು ಮೂರು ಪರದೆ ನೋಡುತ್ತ, ಯಾವ ಗಳಿಗೆಗೆ ಯಾವ ಕ್ಯಾಮೆರಾ ಎಂದು ಕೂಗಿ ಹೇಳಬೇಕು. ಹೇಳಿದಂತೆ ಮಿಕ್ಸರ್ ಮುಂದೆ ಕೂತವರು ಗುಂಡಿ ಒತ್ತುತ್ತಾರೆ. ಎಡಕ್ಕೂ ಬಲಕ್ಕೂ ನಿಂತ ಒಂದು ಮತ್ತು ಮೂರನೇ ಕ್ಯಾಮೆರಾಗಳಿಗೆ ಮುಖಗಳು ಸಿಗುತ್ತವೆ. ನಡುವಿನ ಎರಡನೆಯದು ಸಾಮಾನ್ಯವಾಗಿ ಇಡೀ ಕೋಣೆಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿರುತ್ತದೆ. ತಂಡದ ಅತ್ಯುತ್ತಮ ಕೈ ಬಿಜಾಪುರದ ಹುಡುಗನದೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ಹೆಸರನ್ನು ಎರಡನೇ ಕ್ಯಾಮೆರಾದ ಮುಂದೆ ಬರೆದೆ. ಶಾಟ್‌ಗಳನ್ನು ಬರೆದುಕೊಟ್ಟ ಅವನ ಕಾರ್ಡಿನಲ್ಲಿ ಹನ್ನೊಂದೇ ಶಾಟ್, ಅಷ್ಟೂ ವೈಡ್. ಕಾರ್ಡ್ ನೋಡಿ ಅವನು ಏನೂ ಅನ್ನಲಿಲ್ಲ.

ನಟರನ್ನು ಹೊರಗಿನಿಂದಲೇ ತರಬೇಕಿತ್ತು. ಎಪ್ಪತ್ತರ ದಶಕದಲ್ಲಿ ನಿಂತುಹೋಗಿದ್ದ ನಟನೆಯ ಕೋರ್ಸ್ ಮತ್ತೆ ಶುರುವಾದದ್ದು 2004ರಲ್ಲಿ. ಅಂದರೆ, ಹೊರಗಿನವರು ಬೇಡ ಎಂದು ಮುಷ್ಕರ ಹೂಡಿದವರ ಕಥೆಯನ್ನು ನಾನು ಹೊರಗಿನವರಿಂದಲೇ ಆಡಿಸಬೇಕಾಯಿತು. ಪುಣೆಯಲ್ಲಿ ಅದಕ್ಕೇನೂ ಬರ ಇಲ್ಲ. ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರವಿದೆ. ಪುರುಷೋತ್ತಮ ಕರಂಡಕ ಏಕಾಂಕ ಸ್ಪರ್ಧೆಗೆ ಪ್ರಾಣ ಬಿಡುವ ಕಾಲೇಜು ಹುಡುಗರಿದ್ದಾರೆ. ಹಗಲು ನೌಕರಿ ಮಾಡಿ ಸಂಜೆ ಬಣ್ಣ ಹಚ್ಚುವ ಹಿರಿಯರಿದ್ದಾರೆ. ನನ್ನ ಮುಖ್ಯಸ್ಥ ಅಂಥ ಹಿರಿಯರಲ್ಲಿ ಒಬ್ಬರು. ಬ್ಯಾಂಕಿನಲ್ಲಿ ಕೆಲಸ, ಮೂಲ ಸೊಲ್ಲಾಪುರದ ಕಡೆ, ಮನೆಮಾತು ಕನ್ನಡ. “ತಂಗೀ, ಮಾತು ಕಡಿಮಿ ಮಾಡೂಣೇನು?” ಎಂದು ತಾಲೀಮಿನಲ್ಲಿ ಒಮ್ಮೆ ಕೇಳಿದ್ದರು. ನಾನು ಒಪ್ಪಿರಲಿಲ್ಲ.

ರೆಕಾರ್ಡಿಂಗ್ ರಾತ್ರಿ ಹತ್ತಕ್ಕೆ ಶುರುವಾಯಿತು. ಮೊದಲ ಹದಿನೈದು ನಿಮಿಷ ಕಾಗದದಲ್ಲಿದ್ದಂತೆಯೇ ನಡೆಯಿತು, ಅಷ್ಟೇ. ತಪ್ಪೇನಿರಲಿಲ್ಲ, ಜೀವವೂ ಇರಲಿಲ್ಲ. ಊಟ ಮುಗಿಸಿ, ಲೈಟ್ ಬದಲಿಸಿ, ಕೊನೆಯ ದೃಶ್ಯಕ್ಕೆ ನಿಂತಾಗ ಎರಡೂವರೆ. ಹಿರಿಯರು ಮೇಜಿನ ಬಳಿ, ನೆಲಕ್ಕೆ ಟೇಪ್ ಅಂಟಿಸಿ ಮಾಡಿದ ಗುರುತಿನ ಮೇಲೆ ನಿಂತು ಫೋನ್ ಎತ್ತಬೇಕು. ಒಂದನೇ ಕ್ಯಾಮೆರಾ ಅವರ ಮುಖಕ್ಕೆ ಕಾದಿತ್ತು.

ಅವರು ಮೇಜಿಗೆ ಬರಲೇ ಇಲ್ಲ. ಎರಡು ಹೆಜ್ಜೆ ಇಟ್ಟವರು ತಿರುಗಿ, ಹಿಂದಿನ ದೃಶ್ಯದಲ್ಲಿ ಆ ಹುಡುಗ ಕೂತಿದ್ದ ಮರದ ಕುರ್ಚಿಯ ಬೆನ್ನು ಮುಟ್ಟಿದರು. ಆಮೇಲೆ ಅದರಲ್ಲೇ ಕೂತರು. ಒಂದನೇ ಪರದೆಯಲ್ಲಿ ಬರೀ ಬೆನ್ನು. ಮೂರನೆಯದರಲ್ಲಿ ಮೈಕಿನ ನೆರಳು. “ಸ್ಟ್ಯಾಂಡ್ ಬೈ ಒನ್” ಎಂದು ಅರ್ಧ ಹೇಳಿದ್ದ ನನ್ನ ಬಾಯಿ ಹಾಗೇ ನಿಂತಿತು. ನಿಲ್ಲಿಸಿ ಅನ್ನಬೇಕೆನ್ನುವಷ್ಟರಲ್ಲಿ ಕಣ್ಣು ನಡುವಿನ ಪರದೆಗೆ ಹೋಯಿತು. ಕೋಣೆಯನ್ನೆಲ್ಲ ಹಿಡಿದಿರಬೇಕಾದ ಎರಡನೇ ಕ್ಯಾಮೆರಾ ಕದಲಿತ್ತು. ಯಾರೂ ಹೇಳದೆ, ಕಾರ್ಡಿನಲ್ಲಿ ಇಲ್ಲದೆ, ಚಕ್ರದ ಸದ್ದಿಲ್ಲದೆ ಅವನು ಮುಂದೆ ಬಂದು ಆ ಮುಖದಲ್ಲಿ ನಿಂತಿದ್ದ. ಹಿರಿಯರು ನೆಲ ನೋಡುತ್ತಿದ್ದರು. ತಾನು ಗದರಿದ ಹುಡುಗನ ಜಾಗದಲ್ಲಿ ಕೂತು, ಅವನಿಗೆ ತಾನು ಹೇಗೆ ಕಂಡಿರಬಹುದೆಂದು ನೋಡುತ್ತಿದ್ದರು.

“ಟೂ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಆದರೆ ಗುಂಡಿ ಒತ್ತಿದವರಿಗೆ ಕೇಳಿಸಿತು. ಅವನ ಕ್ಯಾಮೆರಾದ ಕೆಂಪು ದೀಪ ಹತ್ತಿತು. ಒಂದು ನಿಮಿಷದ ಮೇಲೆ ಹತ್ತು ಸೆಕೆಂಡು ಆ ಒಂದೇ ಶಾಟ್. ನಾನು ಬರೆದಿದ್ದ ಆರು ಸಾಲಿನ ಫೋನ್ ಮಾತನ್ನು ಅವರು ಆಡಲಿಲ್ಲ. ಕುರ್ಚಿಯಿಂದಲೇ ಕೈ ಚಾಚಿ, ನಂಬರ್ ತಿರುಗಿಸಿ, ಹುಡುಗನ ಹೆಸರೊಂದನ್ನು ಹೇಳಿ ಇಟ್ಟುಬಿಟ್ಟರು.

ಜಗಳವಾಡಿದವನ ಪ್ರತಿಭೆಗೆ ಅಡ್ಡ ಬರದ ಮನುಷ್ಯನ ಬಗ್ಗೆ ಐದು ವಾರ ಬರೆದಿದ್ದೆ. ಬರೆಯುತ್ತಲೇ, ನನ್ನೊಡನೆ ಜಗಳವಾಡಿದವನನ್ನು ಹನ್ನೊಂದು ವೈಡ್ ಶಾಟಿಗೆ ಕಟ್ಟಿಹಾಕಿದ್ದೆ. ಪ್ಯಾನೆಲ್ ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ನನಗೆ ನಾಚಿಕೆಯಾಯಿತು. ಇಂದಿಗೂ ಅದು ಪೂರ್ತಿ ಹೋಗಿಲ್ಲ.

ಕೇಬಲ್ ಸುತ್ತಿ ಹೊರಬಂದಾಗ ನಾಲ್ಕೂವರೆ. ಗೇಟಿನ ಬಳಿ ಶೇಕೋಟಿ ಉರಿಯುತ್ತಿತ್ತು. ವಾಚ್‌ಮನ್ ಕಾಕಾ ಸರಿದು ಜಾಗ ಕೊಟ್ಟರು. ಅವನು ಮೊದಲೇ ಕೂತಿದ್ದ. ನಾನು ಎದುರಿಗೆ ಕೂತೆ.

“ತಪ್ಪಾತು” ಅಂದೆ.

“ಏನು, ಸ್ಕ್ರಿಪ್ಟೇನು?”

“ಸ್ಕ್ರಿಪ್ಟೂ.”

ಅವನು ಬೆಂಕಿಗೊಂದು ಹಲಗೆ ಒತ್ತಿದ. “ಅಂವಾ ಕುರ್ಚಿ ಮುಟ್ಟಿದಾಗs ಗೊತ್ತಾತು, ಇನ್ನ ಮೇಜಿಗೆ ಬರೂದುಲ್ಲ ಅಂತ. ನಿನ್ನ ಕೇಳಾಕ ಟೈಮ್ ಇರ್ಲಿಲ್ಲ” ಅಂದ. ಬೆಳಗಾಗುವುದರೊಳಗೆ ನಳ್ ಸ್ಟಾಪಿಗೆ ನಡೆದುಹೋಗಿ, ಅಲ್ಲಿನ ಗಾಡಿಯಲ್ಲಿ ಬಿಸಿ ಪೋಹೆ ತಿಂದೆವು. ಮೂರು ಪ್ಲೇಟ್: ಸೊಲ್ಲಾಪುರದ ಹಿರಿಯರೂ ಬಂದಿದ್ದರು. ಏಳು ಗಂಟೆಗೆ ಮನೆ ಸೇರಿ, ಹತ್ತಕ್ಕೆ ಬ್ಯಾಂಕಿಗೆ ಹೋಗಬೇಕಿತ್ತು ಅವರಿಗೆ.

ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ ಬಿಜಾಪುರದವನೇ ಫೋನ್ ಮಾಡಿದ. ಇಬ್ಬರೂ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆ ರಾತ್ರಿ ನಾನು ‘ನಿಶಾಂತ್’ ಮತ್ತೆ ಹಾಕಿಕೊಂಡು ನೋಡಿದೆ. ನಿಮಗೂ ಸಿಕ್ಕರೆ ನೋಡಿ. 1975ರ ಚಿತ್ರ. ಜಮೀನ್ದಾರರ ಮನೆಯವರು ಹೆಂಡತಿಯನ್ನು ಎತ್ತಿಕೊಂಡು ಹೋದಾಗ ಊರೆಲ್ಲ ಅಲೆದು ನ್ಯಾಯ ಕೇಳುವ ಶಾಲಾ ಮೇಷ್ಟ್ರು ಗಿರೀಶ ಕಾರ್ನಾಡ. ಆ ಜಮೀನ್ದಾರರ ಕೊನೆಯ ತಮ್ಮ ನಸೀರುದ್ದೀನ್ ಶಾ.