ಸಿಡ್ನಿ ಬಂದರಿನಲ್ಲಿ ನೌಕಾವಾಸ

ಪರಸ್ಥಳವನ್ನು ನೋಡಹೋದವರು ಛತ್ರದಲ್ಲಿಯೋ ಬಂಧುಗಳ ಮನೆಯಲ್ಲಿಯೋ ಇಳಿದುಕೊಳ್ಳುವುದು ವಾಡಿಕೆ. ನಾವಾದರೋ ಆಸ್ಟ್ರೇಲಿಯಾ ದೇಶದ ಸಿಡ್ನಿ ಮಹಾನಗರವನ್ನು ಕಂಡದ್ದು ನೀರಿನ ಮೇಲೆ ವಾಸಮಾಡಿಕೊಂಡು. ಕರಾವಳಿಯಿಂದ ಹೋಗಿ ಬಹುಕಾಲದಿಂದ ಅಲ್ಲಿ ನೆಲಸಿರುವ ನಮ್ಮ ಮಿತ್ರದಂಪತಿಗಳು ತಮ್ಮ ಹಾಯಿನೌಕೆಯಲ್ಲಿಯೇ ಸಂಸಾರ ಹೂಡಿರುವರು. ಅವರ ಕರೆಯನ್ನು ಮನ್ನಿಸಿ ಕಳೆದ ಡಿಸೆಂಬರಿನಲ್ಲಿ ನಾವಿಬ್ಬರೂ ಹನ್ನೆರಡು ದಿನ ಅವರ ಅತಿಥಿಗಳಾಗಿದ್ದೆವು. ಆ ದೇಶಕ್ಕೆ ಅದು ಕಡುಬೇಸಗೆ.

ನೌಕೆಯ ಉದ್ದ 11 ಮೀಟರ್. ಅಷ್ಟರಲ್ಲಿಯೇ ಅಡುಗೆಯ ಮೂಲೆ, ಊಟದ ಮೇಜು, ಮುಂದೊಂದು ಹಿಂದೊಂದು ಮಲಗುವ ಗೂಡು. ನೌಕೆ ಎತ್ತ ವಾಲಿದರೂ ಒಲೆಯು ತಾನೇ ತೂಗಿ ಸಮನಾಗಿ ನಿಲ್ಲುವಂತೆ ಅದನ್ನು ಕೀಲುಗಳ ಮೇಲೆ ಕೂರಿಸಿದ್ದರು. ಸಾರು ಒಂದು ಹನಿಯೂ ಚೆಲ್ಲದು. ಪಾಯಖಾನೆಯ ಮಲಿನವನ್ನು ಬಂದರಿಗೆ ಬಿಡಕೂಡದು. ತೊಟ್ಟಿಯಲ್ಲಿ ಕೂಡಿಟ್ಟು, ಗೊತ್ತಾದ ಕಟ್ಟೆಗೆ ಹೋಗಿ ಪಂಪಿನಿಂದ ತೆಗೆಯಿಸಬೇಕು. ನಾಲ್ವರಿಗೂ ಇದ್ದ ಸಿಹಿನೀರು 300 ಲೀಟರ್ ಮಾತ್ರ. ಮೊದಲನೆಯ ದಿನ ಸ್ನಾನಕ್ಕೆ ಆ ಗೃಹಿಣಿಯು ತಲೆಗೆ ಎರಡು ತಂಬಿಗೆ ನೀರು ಕೊಟ್ಟು, ಮೂರನೆಯದನ್ನು ಕೇಳಿದಾಗ ನಗುನಗುತ್ತಲೇ ಇಲ್ಲವೆಂದರು. ಅತಿಥಿಗಳಿಗೆ ನೀರು ಇಲ್ಲವೆನ್ನುವುದನ್ನು ನಾವು ಎಲ್ಲಿಯೂ ಕಂಡವರಲ್ಲ. ಬಾಯಿಬಿಟ್ಟು ಆಡದಿದ್ದರೂ ಮನಸ್ಸಿಗೆ ಕೊಂಚ ಚುರುಕೆನಿಸಿತು.

ಈ ಬಂದರಿಗೆ 1788ನೆಯ ಇಸವಿ ಜನವರಿ 26ರಂದು ಇಂಗ್ಲಿಷರ ಮೊದಲ ಹಡಗುಪಡೆ ಬಂದು ನಿಂತಿತು. ಈಗ ಅದೇ ನೀರಿನ ಒಂದು ಪಕ್ಕದಲ್ಲಿ 1973ರಲ್ಲಿ ತೆರೆದ ಆಪೆರಾ ಹೌಸಿನ ಬಿಳಿಯ ಚಿಪ್ಪುಗಳು. ಅದರಾಚೆ 1932ರಲ್ಲಿ ಮುಗಿದ ಉಕ್ಕಿನ ಸೇತುವೆ. ಅದರ ಕಮಾನು ಒಂದೇ ನೆಗೆತಕ್ಕೆ 503 ಮೀಟರ್ ದಾಟುವುದು. ಸೇತುವೆಯ ಕೆಳಗೆ ಹಾಯ್ದು ಹೋಗುವಾಗ ಮೇಲೆ ರೈಲು ಗುಡುಗಿದರೆ, ಸುತ್ತಲೂ ಫೆರಿಗಳೂ ಪ್ರವಾಸಿ ಹಡಗುಗಳೂ ಪುಟ್ಟ ದೋಣಿಗಳೂ ಸಂತೆಯಂತೆ ನೆರೆದಿರುವುವು. ಯಂತ್ರದ ದೋಣಿ ಹಾಯಿಗೆ ದಾರಿ ಬಿಡಬೇಕೆಂಬುದು ಸಮುದ್ರದ ಸಾಮಾನ್ಯ ನಿಯಮ. ಇಲ್ಲಿ ಮಾತ್ರ ಕಿತ್ತಳೆಬಣ್ಣದ ವಜ್ರಾಕೃತಿಯ ಗುರುತನ್ನು ಧರಿಸಿದ ಫೆರಿಗೆ ಹಾಯಿನೌಕೆಯೇ ದಾರಿ ಬಿಡಬೇಕು. ನಮ್ಮ ಮಿತ್ರರು ಆ ಗುರುತನ್ನು ದೂರದಿಂದಲೇ ಕಂಡು ಚುಕ್ಕಾಣಿಯನ್ನು ತಿರುಗಿಸುವರು.

ಒಂದು ಮಧ್ಯಾಹ್ನ ಸೇತುವೆಯ ಪಡುವಲಲ್ಲಿ ನಿಂತಿದ್ದಾಗ, ಕಟ್ಟೆಯ ಮೇಲೆ ಗಾಳ ಹಾಕುತ್ತಿದ್ದ ವೃದ್ಧನೊಬ್ಬನು ಎರಡು ಮೀನುಗಳನ್ನು ಪ್ರೀತಿಯಿಂದ ನಮ್ಮತ್ತ ನೀಡಿದನು. ಕರಾವಳಿಯ ಹೆಣ್ಣುಮಗಳಾದರೂ ಗೃಹಿಣಿಯು ಕೈ ಮುಗಿದು ಬೇಡವೆಂದರು. ಹಿಂದಿನ ರಾಸಾಯನಿಕ ಕಾರ್ಖಾನೆಗಳಿಂದ ಬಂದ ಡಯಾಕ್ಸಿನ್ ಎಂಬ ವಿಷವು ಬಂದರಿನ ಕೆಸರಿನಲ್ಲಿ ಸೇರಿಹೋಗಿದೆಯಂತೆ. ಸೇತುವೆಯ ಪಡುವಲಲ್ಲಿ ಹಿಡಿದ ಮೀನನ್ನು ತಿನ್ನಬಾರದೆಂದು ಸರಕಾರದ ಎಚ್ಚರಿಕೆಯಿದೆ. ಮಾರಾಟಕ್ಕಾಗಿ ಮೀನು ಹಿಡಿಯುವುದು ಇಡಿಯ ಬಂದರಿನಲ್ಲಿ 2006ರಲ್ಲಿಯೇ ನಿಂತಿತು. ಇಂಗ್ಲಿಷರು ಬರುವ ಮುನ್ನ ಇಲ್ಲಿಯ ಮೂಲನಿವಾಸಿ ಸ್ತ್ರೀಯರು ಮರದ ತೊಗಟೆಯ ದೋಣಿಗಳಲ್ಲಿ ಮಣ್ಣಿನ ಹಾಸಿನ ಮೇಲೆ ಬೆಂಕಿಯಿಟ್ಟುಕೊಂಡು, ಚಿಪ್ಪಿನ ಗಾಳದಿಂದ ಮೀನು ಹಿಡಿದು ಅಲ್ಲಿಯೇ ಸುಟ್ಟು ಮಕ್ಕಳಿಗೆ ಉಣಿಸುತ್ತಿದ್ದರು. ಆ ನೀರನ್ನು ನೋಡಿ ನಮ್ಮ ಮನಸ್ಸು ಭಾರವಾಯಿತು.

ಎಂಟನೆಯ ದಿನ ಬಂದರಿನ ಬಡಗಣ ದಡದ ಆಥೊಲ್ ಕೊಲ್ಲಿಯಲ್ಲಿ ಲಂಗರು ಇಳಿಸಿದೆವು. ಅದರ ಮೇಲಣ ಗುಡ್ಡದಲ್ಲಿ 1916ರಲ್ಲಿ ಆರಂಭವಾದ ಟರೊಂಗ ಮೃಗಶಾಲೆಯಿದೆ. ಎದುರಿಗೆ ನಗರದ ದೀಪಾವಳಿ, ಬೆನ್ನಿಗೆ ಸಿಂಹದ ಗರ್ಜನೆ! ಮರುದಿನ ಬಿಸಿಲು ಬೆಂಕಿಯಂತೆ ಸುಡುತ್ತಿತ್ತು. “ರಾತ್ರಿ ತೆಂಕಣಗಾಳಿ ಬರುವ ಸೂಚನೆಯಿದೆ. ಈ ಕೊಲ್ಲಿ ಅದಕ್ಕೆ ಮೈಯೊಡ್ಡಿದೆ. ಆಚೆಯ ದಡದ ರೋಸ್ ಕೊಲ್ಲಿಗೆ ಹೋಗೋಣವೇ?” ಎಂದರು ಮಿತ್ರರು. ಇನ್ನೊಂದು ರಾತ್ರಿ ಇಲ್ಲಿಯೇ ಇರೋಣವೆಂದು ನಾವು ಬೇಡಿಕೊಂಡೆವು. ಅವರು ಆಕಾಶವನ್ನೊಮ್ಮೆ ನಮ್ಮನ್ನೊಮ್ಮೆ ನೋಡಿ ಒಪ್ಪಿದರು.

ಸರಿರಾತ್ರಿಯ ವೇಳೆಗೆ ಗಾಳಿ ಎರಗಿತು. ನಿಮಿಷಗಳೊಳಗಾಗಿ ಸೆಕೆಯೆಲ್ಲ ಹಾರಿ ಮೈ ನಡುಗತೊಡಗಿತು. 8 ಮೀಟರ್ ಆಳದ ನೀರಿಗೆ 25 ಮೀಟರ್ ಸರಪಳಿ ಬಿಟ್ಟಿದ್ದೆವು. ಸುಮ್ಮನಿರುವ ಹವೆಗೆ ಅದು ಸಾಕು, ಬಿರುಗಾಳಿಗೆ ಆಳದ ಐದು ಪಾಲಾದರೂ ಬೇಕು. ಹಿಂದೆ ಬೇರೆ ನೌಕೆಗಳೂ ಬಂಡೆಗಳೂ ಇದ್ದುದರಿಂದ ಇನ್ನಷ್ಟು ಬಿಡಲು ಎಡೆಯಿರಲಿಲ್ಲ. ಎದುರುದಡದ ಎರಡು ದೀಪಗಳನ್ನು ಗುರುತಿಟ್ಟು ನೋಡುತ್ತಿದ್ದ ಮಿತ್ರರು, “ಲಂಗರು ಜಾರುತ್ತಿದೆ!” ಎಂದು ಕೂಗಿದರು. ಅವರು ಯಂತ್ರವನ್ನು ನಡೆಸಿ ಗಾಳಿಗೆ ಮುಖಕೊಟ್ಟರು. ಗೃಹಿಣಿಯು ಮುಂದಲೆಯಲ್ಲಿ ಮೊಣಕಾಲೂರಿ ಸರಪಳಿಯನ್ನು ಎಳೆದರು. ನಾವು ನಡುಗುವ ಕೈಯಲ್ಲಿ ದೀಪ ಹಿಡಿದೆವು. ಲಂಗರು ಮೇಲೆ ಬರುವ ಹೊತ್ತಿಗೆ ಬಂಡೆಗಳಿಗೂ ನಮಗೂ ನಡುವೆ ಹತ್ತು ಮಾರಿಗಿಂತ ಹೆಚ್ಚಿರಲಿಲ್ಲ. ಅಲ್ಲಿ ತೂಗಾಡುತ್ತಿದ್ದುದು ಒಂದು ನೌಕೆಯಲ್ಲ, ಆ ದಂಪತಿಗಳ ಮನೆ.

ರೋಸ್ ಕೊಲ್ಲಿಯನ್ನು ಸೇರಿ ನಿಂತಾಗ ಮೂಡಲು ಬೆಳಗಾಗುತ್ತಿತ್ತು. ನಾವು ಕ್ಷಮೆ ಬೇಡಲು ಬಾಯ್ತೆರೆದೆವು. ಮಿತ್ರರು ಕಾಫಿಯ ಲೋಟವನ್ನು ನಮ್ಮ ಕೈಗಿತ್ತು, “ತಪ್ಪು ನಿಮ್ಮದಲ್ಲ. ನೀವು ಅತಿಥಿಗಳು, ಕೇಳಿದಿರಿ. ಇಲ್ಲವೆನ್ನಬೇಕಾಗಿದ್ದವನು ನಾನು. ನೀರಿನ ಮೇಲೆ ದಾಕ್ಷಿಣ್ಯ ನಡೆಯುವುದಿಲ್ಲ” ಎಂದರು.

ಆಗ ಮೂರನೆಯ ತಂಬಿಗೆಯ ನೆನಪಾಯಿತು. ಒಲ್ಲೆನೆಂದ ಮೀನಿನದೂ ನೆನಪಾಯಿತು. ಆ ಮನೆಯನ್ನು ತೇಲಿಸಿಕೊಂಡು ಬಂದದ್ದು ಗೃಹಿಣಿಯ ನಗುಮುಖದ ಇಲ್ಲವೇ ಎಂದು ತಿಳಿಯಿತು. ಅಂದು ಸ್ನಾನಕ್ಕೆ ಅವರು ಎರಡು ತಂಬಿಗೆ ನೀರು ತಂದಿಟ್ಟರು. ನಾವು ಅದರಲ್ಲಿ ಅರ್ಧ ತಂಬಿಗೆ ಉಳಿಸಿ ಹಿಂದಕ್ಕೆ ಕೊಟ್ಟೆವು.