ರ ಗ ಸ ದ ಅ ಅಂದ್ರೇನ್ರೀ?

ಒಂದನೇ ಕ್ಲಾಸಿನ ಕೋಣೆಯಿಂದ ಗದ್ದಲ ಕೇಳಿಸಿದರೆ ಮೊದಲೆಲ್ಲ ಅದಕ್ಕೆ ಒಂದೇ ಅರ್ಥ: ಮಾಸ್ತರು ಬಂದಿಲ್ಲ. ಈಗ ಹಾಗಲ್ಲ, ಗದ್ದಲ ಇಲ್ಲದಿದ್ದರೇನೇ ಅನುಮಾನ. ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಯಾವುದಾದರೂ ಸರಕಾರಿ ಶಾಲೆಯಲ್ಲಿ, ಆಟ, ಹಾಡು, ಕಾರ್ಡುಗಳಿಂದ ಕಲಿಸುವ ನಲಿ-ಕಲಿ ಕೋಣೆಗೆ ಇಣುಕಿ ನೋಡಿ. ಮಕ್ಕಳು ಐದು ಗುಂಪಾಗಿ ಕೆಳಗೆ ಕೂತಿರುತ್ತಾರೆ. ಒಂದು ಗುಂಪಿಗೆ ಟೀಚರೇ ಬೇಕು, ಇನ್ನೊಂದಕ್ಕೆ ಆಗಾಗ ಬಂದು ಹೋದರೆ ಸಾಕು, ಮತ್ತೆರಡಕ್ಕೆ ಗೆಳೆಯರೇ ಗುರುಗಳು, ಕೊನೆಯದಕ್ಕೆ ಯಾರ ಹಂಗೂ ಇಲ್ಲ. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಮಕ್ಕಳೇ ಬರೆದ ಚಿತ್ರಗಳು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು ಆಳಿಗೊಂದು ಪಾಲು ಹಂಚಿರುತ್ತಾರೆ. ಆ ಪಾಲಿನ ಗಡಿಗೆರೆಗಾಗಿ ನಡೆಯುವಷ್ಟು ತಕರಾರು ದೇವದುರ್ಗದ ಕೋರ್ಟಿನಲ್ಲೂ ನಡೆಯಲಿಕ್ಕಿಲ್ಲ.

ಈ ಪದ್ಧತಿ ಹುಟ್ಟಿದ್ದು ನಮ್ಮ ಕಡೆಯಲ್ಲ, ಬಿಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮಾಸ್ತರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಶುರು ಮಾಡಿದ್ದು. ರಾಜ್ಯಕ್ಕೆಲ್ಲ ಹಬ್ಬಿದ್ದು 2009ರ ಹೊತ್ತಿಗೆ. ಬಂದಾಗ ಹಿರಿಯರ ಹೊಟ್ಟೆ ಸಂಕಟ ಏನಂದರೆ, ಅ ಆ ಇ ಈ ಎಲ್ಲಿ ಹೋಯಿತು? ಮೊಮ್ಮಗಳು ನೋಡಿದರೆ ರ ಗ ಸ ದ ಅ ಅಂತಾಳೆ! ‘ಟೀಚರ್ರ, ಅ ಐದನೇದಾಗಿ ಬರ್ತದೇನ್ರೀ?’ ಎಂದು ಅಜ್ಜ ಶಾಲೆಯ ಕಟ್ಟೆ ಹತ್ತಿದ. ‘ಈ ಐದರಾಗೇ ಸರ, ದಸರ, ಅರಸ, ಗರಗಸ ಎಲ್ಲಾ ಓದ್ತಾಳ್ರಿ. ಅ ಆ ಇ ಈ ಅಷ್ಟೇ ಕಲ್ತು ಏನು ಓದ್ಬೇಕು ಹೇಳ್ರಿ’ ಅಂದರು ಟೀಚರು. ಅಜ್ಜ ಪೂರ್ತಿ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಅವನು ಶಾಲೆಗೆ ಹೋದದ್ದು ನಿಜಾಮರ ಕಾಲದಲ್ಲಿ, ಅಲಿಫ್ ಬೇ ಹೇಳುತ್ತ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಜಾರಿನಲ್ಲಿ ತೆಲುಗು.

ತೆಲುಗು ಅಂದಾಗ ನೆನಪಾಯಿತು. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ನೋಡಿದ್ದೀರಾ? 1294ರ ತೆಲುಗು ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ, ಸಾಲುಗಟ್ಟಿ ಜಾನುವಾರು ಹೂಡಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಓದಲು ಬರುವವನಿಗೆ ಬರಹ, ಬಾರದವನಿಗೆ ಚಿತ್ರ. ನಲಿ-ಕಲಿಗೆಂದು ಶಿಕ್ಷಣ ಇಲಾಖೆಯವರು ಚಿತ್ರದ ಕಾರ್ಡು ಅಚ್ಚು ಹಾಕಿಸಿ ತಾಲ್ಲೂಕಿಗೆಲ್ಲ ಹಂಚಿದರು, ಸರಿ. ಆದರೆ ಇಷ್ಟು ದೊಡ್ಡದು ಯಾರ ಹತ್ತಿರ ಇದೆ? ಲ್ಯಾಮಿನೇಶನ್ ಖರ್ಚೂ ಇಲ್ಲ.

ಮತ್ತೆ ನಲಿ-ಕಲಿ ಕೋಣೆಗೆ ಬಂದರೆ, ಅಲ್ಲಿ ಹವಾಮಾನ ನಕ್ಷೆ ಅಂತ ಒಂದಿರುತ್ತದೆ. ದಿನಾ ಒಂದು ಮಗು ಹೋಗಿ, ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕಿ, ಹಾಗೆ ಯಾಕೆ ಅಂತ ಬಾಯಿಬಿಟ್ಟು ಹೇಳಬೇಕು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಇದು ಚೆಂದದ ಆಟವೇ. ರಾಯಚೂರಲ್ಲಿ? ಫೆಬ್ರುವರಿ ಬಂತೆಂದರೆ ಸೂರ್ಯ, ಸೂರ್ಯ, ಮತ್ತೂ ಸೂರ್ಯ. ಹಳದಿ ಬಣ್ಣದ ಕಡ್ಡಿ ಸವೆದು ಉಗುರಿನಷ್ಟಾಗಿರುತ್ತದೆ, ನೀಲಿಯ ಮೇಲಿನ ಕಾಗದ ಇನ್ನೂ ಹರಿದಿರುವುದಿಲ್ಲ. ಜೂನಿನಲ್ಲಿ ಎಲ್ಲೋ ಒಂದು ಮೋಡ ಕಂಡಿತೋ, ‘ಇವತ್ತು ನಂದು ಪಾಳಿ ರೀ ಟೀಚರ್ರ!’ ಎಂದು ಇಡೀ ಕ್ಲಾಸು ಎದ್ದು ನಿಲ್ಲುತ್ತದೆ. ಮಾತು ಬಾರದ ಮಗುವೂ ಆವತ್ತು ವಾದಕ್ಕಿಳಿಯುತ್ತದೆ.

ಹಾಡಿನಿಂದ ಕಲಿಸಿ ಎಂದು ತರಬೇತಿಯಲ್ಲಿ ಹೇಳಿದರೆ ಮಾನ್ವಿಯವರು ಒಳಗೊಳಗೇ ನಗದೆ ಇರುತ್ತಾರೆಯೇ? ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲೇ ನೆಲೆನಿಂತ ಜಗನ್ನಾಥದಾಸರು 18ನೇ ಶತಮಾನದಲ್ಲಿ ಮಾಡಿದ್ದೇನು ಮತ್ತೆ? ಸಂಸ್ಕೃತದ ವೇದಾಂತವನ್ನು ಕನ್ನಡದ ಹಾಡು ಮಾಡಿ ಅಕ್ಷರ ಬಾರದವರ ಬಾಯಿಗೂ ಹತ್ತಿಸಿದರು. ಹೆಂಗಸರದಂತೂ ಇನ್ನೂ ಮಿಗಿಲು. ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳದಿದ್ದರೆ ಹೊಸ ಮದುಮಗಳನ್ನು ಹೊಸ್ತಿಲಲ್ಲೇ ತಡೆಯುತ್ತಿದ್ದರಲ್ಲ! ಅಷ್ಟು ಬಿಗಿಯಾದ ಮೌಖಿಕ ಪರೀಕ್ಷೆ ಯಾವ ಬೋರ್ಡು ನಡೆಸೀತು?

ಆದರೂ ನಲಿ-ಕಲಿಯ ಒಂದು ಗುಣ ನಮಗೇ ಹೇಳಿ ಮಾಡಿಸಿದ್ದು. ದೇವದುರ್ಗದ ಎಷ್ಟೋ ಮನೆಯವರು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ, ಬೆನ್ನಿಗೆ ಮಕ್ಕಳು. ಮರಳಿ ಬಂದ ಹುಡುಗ ಪಾಠ ಎಲ್ಲಿಗೆ ಬಂತೆಂದು ಕಕ್ಕಾಬಿಕ್ಕಿಯಾಗಬೇಕಿಲ್ಲ. ಗೋಡೆಯ ಕಲಿಕಾ ಏಣಿಯಲ್ಲಿ ಅವನು ಬಿಟ್ಟುಹೋದ ಮೆಟ್ಟಿಲು ಅಲ್ಲೇ ಇದೆ, ಆ ಕಾರ್ಡು ತೆಗೆದು ಕೂತರಾಯಿತು. ಜೋಡಿಯವರು ಮುಂದೆ ಹೋಗಿ, ತಂಗಿಯ ಪಕ್ಕದಲ್ಲೇ ಕೂಡಬೇಕಾಗಿ ಬಂದರೆ ಮಾತ್ರ ಮುಖ ಊದುತ್ತದೆ. ಅದಕ್ಕೆ ಯಾವ ಕಾರ್ಡಿನಲ್ಲೂ ಮದ್ದಿಲ್ಲ.

2023ರಲ್ಲಿ ಶಾಲೆಗಳಲ್ಲಿ ಕಲಿಕಾ ಹಬ್ಬ ನಡೆಯಿತು. ಅದರಲ್ಲಿ ‘ಊರು ತಿಳಿಯೋಣ’ ಅಂತ ಒಂದು ಚಟುವಟಿಕೆ. ಮಕ್ಕಳು ಊರಾಡಿ ಹಿರಿಯರನ್ನು ಪ್ರಶ್ನೆ ಕೇಳಬೇಕು. ದೇವದುರ್ಗ ಸೀಮೆಯ ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿಕಟ್ಟೆಯ ಮೇಲೆ ಎಲೆ-ಅಡಿಕೆ ಕುಟ್ಟುತ್ತಿದ್ದ ಮುದುಕಿಯನ್ನು ಸುತ್ತುವರಿದರಂತೆ. ಆಕೆಯೇನು ಕಡಿಮೆಯೇ? ‘ಮೊದ್ಲು ನಂದೊಂದು ಒಗಟು ಒಡೀರಿ, ಆಮ್ಯಾಲ ನಿಮ್ದು’ ಎಂದು ತಿರುಗಿ ಎಸೆದಳು. ಮಕ್ಕಳು ಸೋತರು. ಮಾಸ್ತರು ಮೊಬೈಲು ತೆಗೆದು ನೋಡಿದರು, ಅಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಬಿಸಿಯೂಟದ ಗಂಟೆ ಬಾರಿಸಿತು, ಹುಡುಗರೆಲ್ಲ ಓಟ ಕಿತ್ತರು. ಮಾಸ್ತರು ಮಾತ್ರ ಕಟ್ಟೆಗೇ ಕೂತು, ‘ಯವ್ವಾ, ನನಗರೆ ಹೇಳು, ಯಾರಿಗೂ ಹೇಳಂಗಿಲ್ಲ’ ಎಂದು ಗೋಗರೆಯುತ್ತಿದ್ದರಂತೆ.