ಕೋಡ್ 92

ಹಲಸೂರಿನ ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ದುಡಿಯುತ್ತಿದ್ದರು. ಆದರೆ ‘ಕೆಲಸಕ್ಕೆ ಹೋಗುವವಳು’ ಅನ್ನಿಸಿಕೊಂಡದ್ದು ದೊಡ್ಡಮ್ಮ ಮಾತ್ರ. ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಯಲ್ಲಿ ಅವಳು ಟೆಲಿಫೋನ್ ಜೋಡಿಸುತ್ತಿದ್ದಳು. ತಿಂಗಳ ಸಂಬಳ, ಪಿ.ಎಫ್., ಹೆರಿಗೆ ರಜೆ ಎಲ್ಲ ಇತ್ತು. ಅಮ್ಮ ಮನೆಯಲ್ಲೇ ಕೂತು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹಾಕುತ್ತಿದ್ದಳು. ವಾರಕ್ಕೊಮ್ಮೆ ಗಂಟು ಕಟ್ಟಿಕೊಂಡು ಶಿವಾಜಿನಗರದ ಬಸ್ಸು ಹತ್ತುತ್ತಿದ್ದಳು. ನನ್ನ ಕಾಲೇಜಿನ ಫೀಸು ಆ ದುಡ್ಡಿನದು.

ಅರ್ಥಶಾಸ್ತ್ರ ಓದಿ ಸಂಶೋಧನೆಗೆ ಸೇರಿದಾಗ, ರಾಷ್ಟ್ರೀಯ ಸ್ಯಾಂಪಲ್ ಸಮೀಕ್ಷೆಯ ನಮೂನೆಯನ್ನು ಅಭ್ಯಾಸಕ್ಕೆಂದು ಮನೆಯಲ್ಲೇ ತುಂಬಿದೆ. “ಅಮ್ಮಾ, ಕೆಲಸ ಮಾಡ್ತೀಯಾ?” ಅಂದೆ. “ಎಲ್ಲಿ ಕಣೆ, ಮನೇಲೇ ಇರ್ತೀನಲ್ಲ” ಅಂದಳು. ನಾನು 92 ಎಂದು ಬರೆದೆ. ಮನೆಗೆಲಸ ಮಾತ್ರ ಮಾಡುವವರು ಎಂದು ಅದರರ್ಥ. ಪಕ್ಕದಲ್ಲಿ ಉಪಚಟುವಟಿಕೆಯ ಕಾಲಂ ಇತ್ತು. ವರ್ಷದಲ್ಲಿ ಮೂವತ್ತು ದಿನ ದುಡಿದರೂ ಅಲ್ಲಿ ಬರೆಯಬೇಕು. ಅದನ್ನು ಖಾಲಿ ಬಿಟ್ಟೆ. ವ್ಯಾಖ್ಯೆ ಸರಿಯಾಗಿತ್ತು, ಪ್ರಶ್ನೆ ಕೇಳಿದವಳು ಸರಿಯಿರಲಿಲ್ಲ.

2017-18ರಲ್ಲಿ, 15 ದಾಟಿದ ಭಾರತೀಯ ಮಹಿಳೆಯರಲ್ಲಿ ದುಡಿಯುವ ಬಲದಲ್ಲಿರುವವರು ಶೇ. 23.3 ಎಂದು ಲೆಕ್ಕ ಬಂತು. ಹೆಂಗಸರು ಏಕೆ ಹಿಂದೆ ಸರಿದರು ಎಂದು ನಾನೂ ವರದಿ ಬರೆದೆ. ಓದು, ಮದುವೆ, ಮಕ್ಕಳು ಎಂದು ಕಾರಣ ಕೊಟ್ಟೆ. ನನ್ನ ಖಾಲಿ ಕಾಲಂ ನೆನಪಾಗಲಿಲ್ಲ.

2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದವು, ಸೀರೆ ಬರುವುದು ನಿಂತಿತು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೆಲಸ ಕಳೆದುಕೊಂಡವರ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೆ. ಮಿಷನ್ನಿಗೆ ಬಟ್ಟೆ ಹೊದಿಸುತ್ತಾ ಅಮ್ಮ ಕೇಳಿದಳು: “ನೀನು ಮನೇಲಿ ಕೂತ್ರೆ ಅದು ಕೆಲಸ. ನಾನು ಇಷ್ಟು ವರ್ಷ ಕೂತಿದ್ದು?”

ನನ್ನ ಟಿಪ್ಪಣಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ಕೆಲಸ ಇತ್ತು ಎಂದೇ ಬರೆಯದ ಮೇಲೆ, ಹೋಯಿತು ಎಂದು ಬರೆಯುವುದು ಹೇಗೆ? ಪರಿಹಾರ ಕೇಳುವುದು ಯಾವ ಬಾಯಲ್ಲಿ?

2023-24ಕ್ಕೆ ಆ ಅಂಕಿ ಶೇ. 41.7ಕ್ಕೆ ಏರಿತು. ಏರಿಕೆಯ ಬಹುಪಾಲು ಸ್ವಂತ ದುಡಿಮೆ ಮತ್ತು ಮನೆಯ ಕಸುಬಿಗೆ ಸಂಬಳವಿಲ್ಲದೆ ಕೈಜೋಡಿಸುವುದು. ದೊಡ್ಡಮ್ಮನಿಗಿದ್ದ ಪಿ.ಎಫ್., ರಜೆ ಅಲ್ಲಿಲ್ಲ. ಆದ್ದರಿಂದ ಅಂಕಿ ಏರಿತೆಂದು ನಾನು ಬೇಗ ಹಿಗ್ಗುವುದಿಲ್ಲ.

ಈಗ ಕ್ಷೇತ್ರಕ್ಕೆ ಹೋಗುವ ಹುಡುಗಿಯರಿಗೆ, ‘ಕೆಲಸ ಮಾಡ್ತೀರಾ?’ ಎಂದು ಶುರು ಮಾಡಬೇಡಿ ಅನ್ನುತ್ತೇನೆ. ನಿನ್ನೆ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಿ, ಪೂರ್ತಿ ಹೇಳುವವರೆಗೆ ಕಾಯಿರಿ.

ಮೊನ್ನೆ ಅಮ್ಮನನ್ನೂ ಹಾಗೇ ಕೇಳಿದೆ. ಹಾಲು, ತಿಂಡಿ, ನೀರು, ಪಾತ್ರೆ ಎಲ್ಲ ಹೇಳಿ, ಕೊನೆಗೆ ಅಂದಳು: “ಆಮೇಲೆ ಆರು ಸೀರೆ.”